ಎರಡು ಪುಸ್ತಕ, ಎರಡು ಸಂಖ್ಯೆ: ದಯವಿಟ್ಟು ಸರಾಸರಿ ತೆಗೀಬೇಡಿ

ಮೊದಲೇ ಹೇಳಿಬಿಡ್ತೀನಿ, ನನ್ನದು ಇಂಗ್ಲಿಷ್ ಮೀಡಿಯಂ ಕನ್ನಡ. ಒತ್ತಕ್ಷರ ತಪ್ಪಿದ್ರೆ ಎಡಿಟರ್ ಅಕ್ಕ ತಿದ್ದಿರ್ತಾರೆ ಅನ್ನೋ ಧೈರ್ಯದ ಮೇಲೆ ಬರೀತಿದ್ದೀನಿ.

ನಮ್ಮ ದೊಡ್ಡಮ್ಮನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿ ಅವನಿಗೆ ಹಿಡಿದಿರೋ ಹುಚ್ಚು ಹ್ಯಾಂಡ್‌ಲೋಡಿಂಗ್. ಅಂದ್ರೆ ರೈಫಲ್‌ನಲ್ಲಿ ಹಾರಿಸಿದ ಮೇಲೆ ಉಳಿಯೋ ಹಿತ್ತಾಳೆ ಕೇಸನ್ನು ಮತ್ತೆ ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ಪೌಡರ್ ತೂಗಿ ತುಂಬಿ, ಮೇಲೆ ಹೊಸ ಬುಲೆಟ್ ಒತ್ತೋದು. ಅಮೆರಿಕದಲ್ಲಿ ಇದು ಗ್ಯಾರೇಜ್‌ನಲ್ಲಿ ಮಾಡೋ ಹವ್ಯಾಸ. (ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದು 1959ರ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ. ಹಾಸ್ಟೆಲ್ ಹುಡುಗರು ಹೊಸ ಐಡಿಯಾ ಮಾಡ್ಬೇಡಿ.)

ಹೋದ ತಿಂಗಳು ವಿಡಿಯೋ ಕಾಲ್‌ನಲ್ಲಿ ಎರಡು ಪುಸ್ತಕ ತೋರಿಸಿದ. ಒಂದು ಬುಲೆಟ್ ಕಂಪನಿಯ ಮ್ಯಾನ್ಯುಯಲ್, ಇನ್ನೊಂದು ಪೌಡರ್ ಕಂಪನಿಯದು. ಕಾರ್ಟ್ರಿಜ್ ಒಂದೇ, .30-06. ಬುಲೆಟ್ ತೂಕ ಒಂದೇ, ಪೌಡರ್ ಒಂದೇ. ಗರಿಷ್ಠ ಚಾರ್ಜ್ ಮಾತ್ರ ಒಂದರಲ್ಲಿ ಇನ್ನೊಂದಕ್ಕಿಂತ ಎರಡು ಗ್ರೇನ್ ಜಾಸ್ತಿ. "ನೀನು ಇಂಜಿನಿಯರ್ ಅಲ್ವೇನೋ, ಹೇಳು, ಯಾವುದು ಸರಿ?" ಅಂದ.

ನಾನು ಒಂದು ಸೆಕೆಂಡೂ ಯೋಚಿಸದೆ "ಆವರೇಜ್ ತಗೋ ಅಣ್ಣ" ಅಂದೆ.

ಅವನು ನಗಲಿಲ್ಲ. "ಗುಂಡು ಹಾರುವಾಗ ನನ್ನ ಮುಖ ಆ ಬೋಲ್ಟ್‌ನಿಂದ ಒಂದು ಗೇಣು ದೂರದಲ್ಲಿರುತ್ತೆ ಕಣೋ" ಅಂದ. ಆಮೇಲೆ ಎರಡು ವಾರ ನಾನು ಕುಳಿತು ಇದನ್ನೇ ಓದಿದೆ. ಇಂಟರ್ನಲ್ಸ್ ಇತ್ತು, ಆದ್ರೂ ಓದಿದೆ.

ಎರಡು ಗ್ರೇನ್ ಅಂದ್ರೆ ಎಷ್ಟು? ಒಂದು ಪೌಂಡಿಗೆ 7000 ಗ್ರೇನ್, ಒಂದು ಗ್ರೇನ್ 64.8 ಮಿಲಿಗ್ರಾಂ. ಎರಡು ಗ್ರೇನ್ ಅಂದ್ರೆ ಹೆಚ್ಚುಕಡಿಮೆ ಅಕ್ಕಸಾಲಿಗರ ಒಂದು ಗುಲಗಂಜಿ ತೂಕ. ಇಷ್ಟಕ್ಕೆ ಏನಾಗುತ್ತೆ ಅನ್ಸುತ್ತೆ. ಆದ್ರೆ ಈ ಪೌಡರ್ ಉರಿಯೋ ವೇಗ ಒತ್ತಡದ ಮೇಲೆ ನಿಂತಿದೆ. ಒತ್ತಡ ಏರಿದ್ರೆ ಬೇಗ ಉರಿಯುತ್ತೆ, ಬೇಗ ಉರಿದ್ರೆ ಒತ್ತಡ ಇನ್ನೂ ಏರುತ್ತೆ. ಪಾಸಿಟಿವ್ ಫೀಡ್‌ಬ್ಯಾಕ್. ಹಾಗಾಗಿ ಚಾರ್ಜ್ ಶೇಕಡಾ ನಾಲ್ಕು ಹೆಚ್ಚಾದ್ರೆ ಒತ್ತಡ ನಾಲ್ಕೇ ಹೆಚ್ಚಾಗುತ್ತೆ ಅಂತ ಲೆಕ್ಕ ಹಾಕೋ ಹಾಗಿಲ್ಲ. ಅಮೆರಿಕದ ಸಾಮಿ ಅನ್ನೋ ಸಂಸ್ಥೆ .30-06ಗೆ ಇಟ್ಟಿರೋ ಮಿತಿ 60,000 ಪಿಎಸ್‌ಐ, ಅಂದ್ರೆ ಸುಮಾರು 414 ಮೆಗಾಪಾಸ್ಕಲ್. ನಾವು ಲ್ಯಾಬ್‌ನಲ್ಲಿ ಎಳೆಯೋ ಮೈಲ್ಡ್ ಸ್ಟೀಲ್ ಸುಮಾರು 250ಕ್ಕೇ ಯೀಲ್ಡ್ ಆಗುತ್ತೆ. ಒತ್ತಡ ಬೇರೆ, ಸ್ಟ್ರೆಸ್ ಬೇರೆ, ಗೊತ್ತು, ವೈವಾದಲ್ಲಿ ಹಿಡ್ಕೋಬೇಡಿ. ಅಂದಾಜಿಗೆ ಹೇಳಿದೆ ಅಷ್ಟೇ.

ಹಾಗಾದ್ರೆ ಎರಡು ಪುಸ್ತಕದಲ್ಲಿ ಯಾರು ತಪ್ಪು? ಇಬ್ಬರೂ ಅಲ್ಲ. ಇಬ್ಬರೂ ಅಳೆದಿದ್ದು ಬೇರೆ ಬೇರೆ ವಸ್ತುವನ್ನ. "ಅದೇ ತೂಕದ ಬುಲೆಟ್" ಅನ್ನೋದು ಅದೇ ಬುಲೆಟ್ ಅಲ್ಲ. ಪೂರ್ತಿ ತಾಮ್ರದ್ದು ಸೀಸ ತುಂಬಿದ್ದಕ್ಕಿಂತ ಉದ್ದ ಇರುತ್ತೆ, ಕೇಸ್ ಒಳಗೆ ಹೆಚ್ಚು ಜಾಗ ತಿನ್ನುತ್ತೆ. ಹಿತ್ತಾಳೆ ಕೇಸ್ ಕೂಡ ಹಾಗೇ. ಸೇನೆಯ ಕೇಸ್ ಗೋಡೆ ಸಾಮಾನ್ಯವಾಗಿ ದಪ್ಪ, ಒಳಗೆ ಜಾಗ ಕಮ್ಮಿ, ಅದೇ ಪೌಡರ್‌ಗೆ ಒತ್ತಡ ಜಾಸ್ತಿ. ಪ್ರೈಮರ್, ಬುಲೆಟ್ ಕೂತಿರೋ ಆಳ, ಬ್ಯಾರೆಲ್, ಚೇಂಬರ್, ಆ ಪೌಡರ್ ಯಾವ ಲಾಟ್‌ದು, ಎಲ್ಲವೂ ಉತ್ತರ ಬದಲಿಸುತ್ತೆ. ಹೆಸರಲ್ಲೂ ಮೋಸ ಇದೆ. ಎಚ್4350 ಮತ್ತು ಐಎಂಆರ್ 4350 ಅಂತ ಎರಡು ಪೌಡರ್ ಇವೆ. ನಂಬರ್ ಒಂದೇ, ಈಗ ಮಾರೋ ಕಂಪನಿಯೂ ಒಂದೇ, ಆದ್ರೆ ಪೌಡರ್ ಬೇರೆ. ಒಂದರ ಡೇಟಾ ಇನ್ನೊಂದಕ್ಕೆ ಹಾಕೋ ಹಾಗಿಲ್ಲ.

ನನಗೆ ನಿಜವಾಗ್ಲೂ ಶಾಕ್ ಕೊಟ್ಟಿದ್ದು ಅಳೆಯೋ ವಿಧಾನ. ಹಿಂದೆ ಒತ್ತಡವನ್ನ ತಾಮ್ರದ ಚಿಕ್ಕ ಸಿಲಿಂಡರ್ ಇಟ್ಟು ಅಳೀತಿದ್ರು. ಗುಂಡು ಹಾರಿದಾಗ ಒಂದು ಪಿಸ್ಟನ್ ಬಂದು ಅದನ್ನ ಜಜ್ಜುತ್ತೆ. ಎಷ್ಟು ಗಿಡ್ಡ ಆಯ್ತು ಅಂತ ಅಳೆದು ಟೇಬಲ್ ನೋಡೋದು. ಆ ಯೂನಿಟ್ಟಿಗೆ ಸಿಯುಪಿ ಅಂತಾರೆ. ತಾಮ್ರ ಜಜ್ಜಿ ಹೋಗೋಕೆ ಟೈಮ್ ಬೇಕಲ್ಲ, ಕ್ಷಣದಲ್ಲಿ ಬಂದು ಹೋಗೋ ಪೀಕ್ ಅದಕ್ಕೆ ಪೂರ್ತಿ ಸಿಗಲ್ಲ. ಈಗ ಪೀಜೋ ಸೆನ್ಸರ್ ಬಂದಿದೆ. ಸರಿ, ಒಂದು ಫಾರ್ಮುಲಾ ಹಾಕಿ ಕನ್ವರ್ಟ್ ಮಾಡೋಣ ಅಂದ್ರೆ ಆಗಲ್ಲ. .308 ವಿಂಚೆಸ್ಟರ್‌ನ ಮಿತಿ 52,000 ಸಿಯುಪಿ, .223 ರೆಮಿಂಗ್ಟನ್‌ದೂ 52,000 ಸಿಯುಪಿ. ಪೀಜೋದಲ್ಲಿ ಮೊದಲನೆಯದು 62,000 ಪಿಎಸ್‌ಐ, ಎರಡನೆಯದು 55,000. ಒಂದೇ ಇನ್‌ಪುಟ್‌ಗೆ ಎರಡು ಔಟ್‌ಪುಟ್! ಮ್ಯಾಥ್ಸ್‌ನಲ್ಲಿ ಇದಕ್ಕೆ ಫಂಕ್ಷನ್ ಅನ್ನೋ ಹೆಸರೂ ಸಿಗಲ್ಲ.

ಹಳೇ ಪುಸ್ತಕಗಳಲ್ಲಿ ಕೆಲವು ಚಾರ್ಜ್ ಹೊಸದಕ್ಕಿಂತ ಜಾಸ್ತಿ ಇರುತ್ತೆ. ಇದಕ್ಕೆ ಅಣ್ಣನ ರೇಂಜ್‌ನ ಹಿರಿಯರು "ಕಂಪನಿಗಳು ಲಾಯರ್‌ಗಳಿಗೆ ಹೆದರಿ ಕಡಿಮೆ ಮಾಡಿವೆ" ಅಂತಾರಂತೆ. ನನಗೆ ಈ ಮಾತು ಇಷ್ಟ ಆಗಲ್ಲ. ಸ್ವಲ್ಪ ನಿಜ ಇರಬಹುದು. ಆದ್ರೆ ಉಪಕರಣ ಚೆನ್ನಾದಾಗ ಮೊದಲು ಕಾಣದೇ ಇದ್ದ ಪೀಕ್ ಕಾಣಿಸೋದು ಹೇಡಿತನ ಅಲ್ಲ.

ಈಗ ನನ್ನ "ಆವರೇಜ್"ಗೆ ಬರ್ತೀನಿ. ಒಂದೇ ವಸ್ತುವನ್ನ ಹತ್ತು ಸಲ ಅಳೆದ್ರೆ ಸರಾಸರಿಗೆ ಅರ್ಥ ಇದೆ. ಎರಡು ಬೇರೆ ಬುಲೆಟ್, ಎರಡು ಬೇರೆ ಬ್ಯಾರೆಲ್‌ನ ಮಿತಿಗಳ ಸರಾಸರಿ ಯಾರೂ ಪರೀಕ್ಷೆ ಮಾಡದ ಮೂರನೇ ಸಂಖ್ಯೆ. ಅದಕ್ಕೆ ಮ್ಯಾನ್ಯುಯಲ್‌ಗಳು ಗರಿಷ್ಠದ ಜೊತೆ ಶುರುವಿನ ಚಾರ್ಜನ್ನೂ ಕೊಡ್ತವೆ. ಕೆಳಗಿಂದ ಶುರು ಮಾಡು, ಸ್ವಲ್ಪ ಸ್ವಲ್ಪ ಏರಿಸು, ನಿನ್ನ ರೈಫಲ್ ಏನು ಹೇಳುತ್ತೆ ನೋಡು ಅಂತ.

ಇಷ್ಟೆಲ್ಲ ಬರೆಯೋಕೆ ಕಾರಣ ನಮ್ಮ ಲ್ಯಾಬ್. ಹೋದ ಸೆಮ್‌ನಲ್ಲಿ ಟೆನ್ಷನ್ ಟೆಸ್ಟ್ ಮಾಡಿದ್ವಿ. ನಮ್ಮ ಬ್ಯಾಚ್‌ಗೆ ಯಂಗ್ಸ್ ಮಾಡ್ಯುಲಸ್ ಬಂದಿದ್ದು 160ರ ಆಸುಪಾಸು. ಪುಸ್ತಕದಲ್ಲಿ ಸ್ಟೀಲ್‌ಗೆ 200ರಿಂದ 210 ಗಿಗಾಪಾಸ್ಕಲ್. ನಾವೇನು ಮಾಡಿದ್ವಿ? ನೀವು ಏನು ಮಾಡ್ತೀರೋ ಅದೇ. 205 ಅಂತ ಉತ್ತರ ಬರೆದು, ಹಿಂದಕ್ಕೆ ಲೆಕ್ಕ ಹಾಕಿ, ರೀಡಿಂಗ್ಸ್ ತಯಾರಿಸಿದ್ವಿ. ಗ್ರಾಫ್ ಎಷ್ಟು ನೇರವಾಗಿ ಬಂತು ಅಂದ್ರೆ ಸ್ಕೇಲೇ ನಾಚ್ಕೋಬೇಕು. ಹತ್ತಕ್ಕೆ ಒಂಬತ್ತು ಮಾರ್ಕ್ಸ್.

ಆದ್ರೆ 160 ಯಾಕೆ ಬಂತು? ಗ್ರಿಪ್ ಜಾರ್ತಿತ್ತಾ? ಎಕ್ಸ್‌ಟೆನ್ಸೋಮೀಟರ್ ಸಡಿಲ ಇತ್ತಾ? ಗೇಜ್ ಲೆಂತ್ ತಪ್ಪು ಹಿಡಿದ್ವಾ? ಆ ಮಧ್ಯಾಹ್ನ ನಮ್ಮ ಹತ್ರ ಇದ್ದ ಒಂದೇ ಒಂದು ನಿಜವಾದ ಡೇಟಾ ಅದು, ಅದನ್ನ ರಬ್ಬರ್ ಹಾಕಿ ಅಳಿಸಿದ್ವಿ. ಸ್ಪೆಸಿಮನ್ ಕೂಡ ಗುಜರಿಗೆ ಹೋಗಿರುತ್ತೆ. ಲೆಕ್ಚರರ್‌ಗಳನ್ನ ದೂರ್ತಿಲ್ಲ. ಒಂದು ಗಂಟೆಯಲ್ಲಿ ಅರವತ್ತು ರೆಕಾರ್ಡ್ ತಿದ್ದೋರು ಉತ್ತರವನ್ನಷ್ಟೇ ನೋಡ್ತಾರೆ. ಆದ್ರೆ ರೆಕಾರ್ಡ್‌ನಲ್ಲಿ "ಯಾವ ಸ್ಥಿತಿಯಲ್ಲಿ ಅಳೆದಿದ್ದು" ಅಂತ ಒಂದು ಕಾಲಂ ಇದ್ದು, ಅದಕ್ಕೆ ಎರಡು ಮಾರ್ಕ್ಸ್ ಇದ್ದಿದ್ರೆ ನಾವು 160 ಅಂತಲೇ ಬರೀತಿದ್ವಿ ಅನ್ಸುತ್ತೆ. ಲ್ಯಾಬ್ ಮ್ಯಾನ್ಯುಯಲ್ ಬದಲಾಯಿಸೋ ಯಾರಾದ್ರೂ ಓದ್ತಿದ್ರೆ ಇದನ್ನ ಅರ್ಜಿ ಅಂತ ತಗೊಳ್ಳಿ.

ಅಣ್ಣ ಕೊನೆಗೆ ತನ್ನ ಬುಲೆಟ್ ತಯಾರಿಸಿದ ಕಂಪನಿಯದೇ ಪುಸ್ತಕ ಹಿಡಿದು, ಅದರ ಶುರುವಿನ ಚಾರ್ಜ್‌ನಿಂದ ಮೇಲೆ ಹೋದ. ಜೊತೆಗೆ ವೇಗ ಅಳೆಯೋ ಕ್ರೋನೋಗ್ರಾಫ್ ಇಟ್ಟಿದ್ದ. ಪುಸ್ತಕ ಗರಿಷ್ಠ ಚಾರ್ಜ್‌ಗೆ ಹೇಳಿದ್ದ ವೇಗ ಅವನ ರೈಫಲ್‌ನಲ್ಲಿ ಒಂದು ಗ್ರೇನ್ ಮೊದಲೇ ಬಂತಂತೆ. ಪುಸ್ತಕದಷ್ಟೇ ಉದ್ದದ ಬ್ಯಾರೆಲ್‌ನಲ್ಲಿ ಅಷ್ಟು ವೇಗ ಬಂದಿದೆ ಅಂದ್ರೆ ಒತ್ತಡವೂ ಅಲ್ಲಿಗೆ ಬಂದಿರುತ್ತೆ ಅಂತ ಅಲ್ಲೇ ನಿಲ್ಲಿಸಿದ. ನನ್ನ ಸರಾಸರಿ ಅದಕ್ಕಿಂತ ಮೇಲಿತ್ತು.

ನಾಳೆ ನಮಗೆ ಟಾರ್ಷನ್ ಟೆಸ್ಟ್ ಇದೆ. ಬ್ಯಾಚ್‌ಮೇಟ್ಸ್‌ಗೆ ಈಗಲೇ ಮೆಸೇಜ್ ಹಾಕಿದ್ದೀನಿ, ಬಂದಿದ್ದನ್ನೇ ಬರೆಯೋಣ ಅಂತ. ಇಬ್ಬರು ಥಂಬ್ಸ್ ಅಪ್, ಒಬ್ಬ "ನಿಂಗೆ ಹುಚ್ಚಾ?" ಅಂದಿದ್ದಾನೆ.