ಓಟಗಾರನ ಬುತ್ತಿ

ವಿದ್ಯಾರ್ಥಿಯಾದವನು ಓಡಬೇಕೆ, ಬೇಡವೆ ಎಂಬ ಚರ್ಚೆ ನಮ್ಮ ಕಾಲೇಜಿನ ಹುಣಿಸೆಮರದ ಕೆಳಗೆ ಆಗಾಗ ನಡೆಯುವುದುಂಟು. ಓಡಬೇಕೆನ್ನುವವರೂ ಬೇಡವೆನ್ನುವವರೂ ಒಂದು ಮಾತನ್ನು ಮರೆಯುತ್ತಾರೆ. ಓಡುವವನು ಏನು ತಿಂದು ಓಡುತ್ತಾನೆ, ಎಷ್ಟು ಹೊತ್ತು ಮಲಗಿ ಎದ್ದು ಓಡುತ್ತಾನೆ ಎಂಬುದನ್ನು ಯಾರೂ ಕೇಳುವುದಿಲ್ಲ. ಮೂರು ವರ್ಷ ಈ ಮೈದಾನದಲ್ಲಿ ಓಡಿದವನಾಗಿ ಆ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನ ಆಸೆ. ನಾನು ಪದಕ ಗೆದ್ದವನಲ್ಲ. ಆದುದರಿಂದ ಇದನ್ನು ಉಪದೇಶವೆಂದು ಯಾರೂ ಭಾವಿಸಬಾರದು. ಎಡವಿ ಬಿದ್ದವನು ಕಲ್ಲು ಎಲ್ಲಿದೆಯೆಂದು ಹಿಂದೆ ಬರುವವರಿಗೆ ಹೇಳುತ್ತಿದ್ದಾನೆ ಎಂದು ತಿಳಿದರೆ ಸಾಕು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಓಟದ ತಂಡಕ್ಕೆ ಸೇರಿದೆನೆಂದು ಊರಿಗೆ ಹೋಗಿ ಹೇಳಿದಾಗ ಅಪ್ಪ, "ಓಡಾಕೆ ಕಾಲೇಜಿಗೆ ಯಾಕ್ಲಾ ಹೋಗ್ಬೇಕು? ದನದ ಹಿಂದೆ ಓಡಿದ್ರೆ ಸಾಲ್ದಾ?" ಎಂದ. ಅವ್ವ ಏನೂ ಹೇಳದೆ ಕುರಿ ಮಾರಿದ ಹಣದಲ್ಲಿ ಎರಡು ಸಾವಿರ ರೂಪಾಯಿ ನನ್ನ ಕೈಗಿಟ್ಟಳು. ಅದನ್ನೆಲ್ಲ ಸುರಿದು ಬಣ್ಣಬಣ್ಣದ ಬೂಟು ಕೊಂಡೆ. ಬೂಟು ಕೊಂಡೆನಾದ್ದರಿಂದ ಓಟಗಾರನೂ ಆದೆನೆಂದು ನಂಬಿದೆ.

ಮಾರನೆಯ ವರ್ಷ ಅಂತರಕಾಲೇಜು ಕೂಟದಲ್ಲಿ 5,000 ಮೀಟರ್ ಓಟ, ಹನ್ನೆರಡೂವರೆ ಸುತ್ತು. ಒಂಬತ್ತನೆಯ ಸುತ್ತಿನಲ್ಲಿ ಕಣ್ಣು ಕತ್ತಲೆಗಟ್ಟಿ ಬಿದ್ದೆ. ಸರ್ಕಾರಿ ಆಸ್ಪತ್ರೆಯ ವೈದ್ಯರು ನಾಡಿ ಹಿಡಿದು, "ಬೆಳಿಗ್ಗೆ ಏನು ತಿಂದೆಯಪ್ಪಾ?" ಎಂದು ಕೇಳಿದರು. ಎರಡು ಲೋಟ ಟೀ ಎಂದೆ. "ರಾತ್ರಿ?" ಎಂದರು. ಅರ್ಧ ತಟ್ಟೆ ಅನ್ನ, ನೀರು ಸಾರು. ಅವರು ನನ್ನ ಬೂಟುಗಳ ಕಡೆ ಒಮ್ಮೆ ನೋಡಿ ಸುಮ್ಮನಾದರು. ಬಿದ್ದುದಕ್ಕಿಂತ ಹೆಚ್ಚಾಗಿ ಆ ನೋಟಕ್ಕೆ ನಾನು ನಾಚಿದೆ. ಎರಡು ವರ್ಷದಲ್ಲಿ ಆ ಪ್ರಶ್ನೆಯನ್ನು ನನಗೆ ಕೇಳಿದವರು ಅವರೊಬ್ಬರೇ. ನಾನಂತೂ ಕೇಳಿಕೊಂಡೇ ಇರಲಿಲ್ಲ.

ಓಟಗಾರನಿಗೆ ನಿತ್ಯ ಬೇಕಾದುವುಗಳಲ್ಲಿ ಮೊದಲನೆಯದು ಹೊಟ್ಟೆಗೆ ಹಿಟ್ಟು. ಊರಿನಲ್ಲಿ ಅಂಬಲಿ ಕುಡಿದು ಹೊಲಕ್ಕೆ ಓಡಿದ ನಾನು ಪಟ್ಟಣಕ್ಕೆ ಬಂದ ಮೇಲೆ ರಾಗಿಯ ಹೆಸರು ಹೇಳಲು ಸಂಕೋಚಪಡುತ್ತಿದ್ದೆ. ಡಬ್ಬಿಯಲ್ಲಿ ಬರುವ ಪುಡಿಯನ್ನು ಹಾಲಿಗೆ ಬೆರೆಸಿ ಕುಡಿಯುವವರನ್ನು ಕಂಡು ಕರುಬುತ್ತಿದ್ದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಅದರ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಎಲುಬಿಗೆ ಇದು ಬೇಕೇ ಬೇಕು. ಕಡಲೆಕಾಯಿ ಬೀಜದ ತೂಕದಲ್ಲಿ ಕಾಲುಭಾಗ ಪ್ರೋಟೀನು. ಹುರುಳಿಯಲ್ಲಿ ಐದನೆಯ ಒಂದು ಭಾಗಕ್ಕೂ ಮಿಗಿಲು. ಓಡುವ ಮುನ್ನ ಒಂದು ಬಾಳೆಹಣ್ಣು, ಓಡಿ ಬಂದ ಗಂಟೆಯೊಳಗೆ ಒಂದು ಹಿಡಿ ಬೀಜ, ಬೆಲ್ಲದ ಚೂರು, ಆಮೇಲೆ ಮುದ್ದೆಯೋ ರೊಟ್ಟಿಯೋ ಕಾಳುಸಾರೋ ಇದ್ದರೆ ಡಬ್ಬಿಯ ಹಂಗಿಲ್ಲ.

ಎರಡನೆಯದು ನೀರು. ಬೇಸಿಗೆಯಲ್ಲಿ ಬಹಳ ಹೊತ್ತು ಬೆವರಿದವನಿಗೆ ಬರಿಯ ನೀರು ಸಾಲದು. ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎಲ್ಲವೂ ಮಟ್ಟಸವಾಗಿ: ಭೇದಿಯಾದ ಮಗುವಿಗೆ ಕೊಡುವ ಈ ನೀರೇ ನಮಗೂ ಆದೀತು. ಮೂರನೆಯದು ನಿದ್ರೆ. ಏಳು ಗಂಟೆಗೆ ಕಡಿಮೆ ಮಲಗಿದವನ ಕಾಲು ಬೆಳಿಗ್ಗೆ ಸುಳ್ಳು ಹೇಳುವುದಿಲ್ಲ. ನಮ್ಮ ಕೋಣೆಗಳಲ್ಲಿ ದೀಪ ಹತ್ತಕ್ಕೇ ಆರಿದರೂ ಮೊಬೈಲಿನ ಬೆಳಕು ಒಂದಕ್ಕೂ ಆರುವುದಿಲ್ಲವೆಂಬುದನ್ನು ನನ್ನ ಸಹಪಾಠಿಗಳು ಬಲ್ಲರು.

ಬೂಟಿನ ಮಾತು ಬಂದಾಗ ಕೆಲವರು ಅಬೆಬೆ ಬಿಕಿಲನ ಉದಾಹರಣೆ ಕೊಡುತ್ತಾರೆ. ಇಥಿಯೋಪಿಯದ ಆ ಸೈನಿಕನು 1960ರಲ್ಲಿ ರೋಮಿನ ಬೀದಿಗಳಲ್ಲಿ ಬರಿಗಾಲಿನಲ್ಲಿ ಓಡಿ ಒಲಿಂಪಿಕ್ ಮ್ಯಾರಥಾನನ್ನು ಗೆದ್ದುದು ನಿಜ. ಬಡವರ ಮಕ್ಕಳಿಗೆ ಬೂಟೇಕೆ ಎಂದು ಅದರಿಂದ ವಾದಿಸುವುದು ಮಾತ್ರ ನ್ಯಾಯವಲ್ಲ. ಅದೇ ಬಿಕಿಲನು 1964ರಲ್ಲಿ ಟೋಕಿಯೋದಲ್ಲಿ ಬೂಟು ಹಾಕಿಕೊಂಡು, ಹಿಂದಿನದಕ್ಕಿಂತ ಮೂರು ನಿಮಿಷ ಮೊದಲೇ ಓಡಿ ಮುಗಿಸಿ ಮತ್ತೆ ಗೆದ್ದನು. ಪಾದಕ್ಕೆ ಸರಿಹೊಂದುವ, ಅಡಿ ಸವೆಯದ ಒಂದು ಜೊತೆ ಬೇಕು, ಬಣ್ಣ ಬೇಕಿಲ್ಲ. ವಾರಕ್ಕೊಂದು ದಿನ ಬಿಡುವೂ ಬೇಕು. ಮೊಣಕಾಲ ಕೆಳಗಿನ ಮೂಳೆ ನೋಯುತ್ತಿದ್ದರೂ ಹಲ್ಲುಕಚ್ಚಿ ಓಡುವುದು ಶೌರ್ಯವೆಂದು ನಾನು ತಿಳಿದಿದ್ದೆ. ಒಂದೂವರೆ ತಿಂಗಳು ಕುಂಟಿದ ಮೇಲೆ ಆ ಶೌರ್ಯ ಇಳಿಯಿತು.

ನಮ್ಮ ಸಹಪಾಠಿನಿಯರ ವಿಷಯವನ್ನು ಇನ್ನೂ ಹೆಚ್ಚು ಕಾಳಜಿಯಿಂದ ನೋಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ನಾಲ್ಕು ಹೆಜ್ಜೆಗೆ ಏದುಸಿರು ಬಿಡುವ ಹುಡುಗಿಯನ್ನು ಸೋಮಾರಿಯೆಂದು ಜರೆಯುವ ಮೊದಲು ಅವಳ ರಕ್ತಪರೀಕ್ಷೆ ಆಗಿದೆಯೇ ಎಂದು ಕೇಳುವುದು ಲೇಸು. ಊಟದ ಜೊತೆಗೇ ಟೀ ಕುಡಿದರೆ ಆಹಾರದ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಹೆಚ್ಚುತ್ತದೆ. ಇಷ್ಟನ್ನು ತಿಳಿಸುವುದಕ್ಕೆ ದೊಡ್ಡ ತಜ್ಞರು ಬೇಕಿಲ್ಲ.

ಇಷ್ಟೆಲ್ಲ ತಿಳಿದಿದ್ದರೂ ಹುಡುಗರು ಏಕೆ ಪಾಲಿಸುವುದಿಲ್ಲವೆಂದು ಗುರುಗಳು ಕೇಳಬಹುದು. ಓಡಿ ಮುಗಿಸುವುದು ಏಳು ಗಂಟೆಗೆ. ಹಾಸ್ಟೆಲಿನಲ್ಲಿ ತಿಂಡಿ ಎಂಟೂವರೆಗೆ. ಹಳ್ಳಿಯಿಂದ ಮೊದಲ ಬಸ್ಸಿಗೆ ಬರುವವರಿಗೆ ಅದೂ ಇಲ್ಲ. ಮೈದಾನದಲ್ಲಿ ಕುಡಿಯುವ ನೀರಿನ ನಲ್ಲಿಯಿಲ್ಲ. ಟ್ರೋಫಿ ಇಡುವುದಕ್ಕೆ ಮಾತ್ರ ಗಾಜಿನ ಬೀರು ಇದೆ. ಪ್ರತಿಯೊಬ್ಬನೂ ಕಟ್ಟುವ ಕ್ರೀಡಾಶುಲ್ಕದಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಬೆಳಿಗ್ಗೆ ಅಭ್ಯಾಸಕ್ಕೆ ಬಂದವರಿಗೆ ಒಂದು ಹಿಡಿ ನೆನೆಸಿದ ಕಡಲೆ, ಬೆಲ್ಲ, ಬಾಳೆಹಣ್ಣು ಕೊಡುವ ಏರ್ಪಾಡು ಮಾಡಬಾರದೇಕೆ? ಒಂದು ನಲ್ಲಿ ಹಾಕಿಸಬಾರದೇಕೆ? ವರ್ಷಕ್ಕೊಮ್ಮೆ ಸರ್ಕಾರಿ ವೈದ್ಯರನ್ನು ಕರೆಸಿ ಎಲ್ಲರ ರಕ್ತಪರೀಕ್ಷೆ ಮಾಡಿಸಬಾರದೇಕೆ? ಇವು ದಾನವಲ್ಲ, ಓಡಿಸುವವರು ಓಡುವವರಿಗೆ ಸಲ್ಲಿಸಬೇಕಾದ ಬಾಕಿಯೆಂದು ನನ್ನ ನಮ್ರ ಅಭಿಪ್ರಾಯ.

ಈ ವರ್ಷದ ಕೂಟದಲ್ಲಿ ನಾನು ಹನ್ನೆರಡೂವರೆ ಸುತ್ತನ್ನೂ ಮುಗಿಸಿದೆ, ಏಳನೆಯವನಾದೆ. ಹಿಂದಿನ ದಿನ ಅವ್ವ ಬಸ್ ಕಂಡಕ್ಟರರ ಕೈಯಲ್ಲಿ ಕಳುಹಿಸಿದ್ದ ಬುತ್ತಿಯಲ್ಲಿ ರಾಗಿರೊಟ್ಟಿಯೂ ಹುಚ್ಚೆಳ್ಳು ಚಟ್ನಿಯೂ ಇದ್ದುವು. ಪರೀಕ್ಷೆ ಮುಗಿದರೆ ನಾನು ಈ ಕಾಲೇಜನ್ನು ಬಿಡುವವನು; ನಲ್ಲಿ ಬಂದರೂ ಅದರ ನೀರನ್ನು ನಾನು ಕುಡಿಯಲಾರೆ. ಮುಂದಿನ ಜೂನಿನಲ್ಲಿ ಯಾವುದೋ ಹಳ್ಳಿಯಿಂದ ಬರುವ ಹುಡುಗನೋ ಹುಡುಗಿಯೋ ಮೈದಾನಕ್ಕೆ ಇಳಿದಾಗ, "ಬೆಳಿಗ್ಗೆ ಏನು ತಿಂದೆ?" ಎಂದು ಅವರನ್ನು ಮೊದಲು ಕೇಳುವವರು ಆಸ್ಪತ್ರೆಯ ವೈದ್ಯರಾಗದೆ ನಮ್ಮ ಕಾಲೇಜಿನವರೇ ಆಗಲೆಂದು ಬೇಡುತ್ತೇನೆ.