ಸ್ಟಾರ್ಮ್ ತಗೊಳ್ಳೋ ಮುಂಚೆ...

ಅಲ್ಲಾ ಸ್ವಾಮಿ, ಪುಣೆ-ಮುಂಬಯಿಯ ನಮ್ಮವರಿಗೆ ಇದೇನು ಹುಚ್ಚು? ಹಳೇ ಸ್ಯಾನ್ ಸ್ಟಾರ್ಮ್ ಮಾರಾಟಕ್ಕಿದೆ ಅಂದರೆ ಸಾಕು, ಪಿಎಫ್ ದುಡ್ಡು ತೆಗೆಯೋಕೂ ತಯಾರು!

ಮುದ್ದಾದ ಗಾಡಿ, ಒಪ್ಪಿದೆ. 1990ರ ದಶಕದ ಕೊನೆಗೆ ಗೋವಾದಲ್ಲಿ ತಯಾರಾಗತೊಡಗಿದ ಎರಡೇ ಸೀಟಿನ ಕಾರು. ಫೈಬರ್‌ಗ್ಲಾಸ್ ಮೈ, ರೆನೋದ 1.2 ಲೀಟರ್ ಎಂಜಿನ್, ಸುಮಾರು 60 ಅಶ್ವಶಕ್ತಿ. ಇವತ್ತಿನ ಸ್ವಿಫ್ಟ್‌ಗೂ ಅದಕ್ಕಿಂತ ಹೆಚ್ಚು ಕಸುವಿದೆ!

"ಗಾಡಿ ಕೆಡುತ್ತಾ?" ಅನ್ನೋದು ತಪ್ಪು ಪ್ರಶ್ನೆ. ಅಂಬಾಸಡರ್ ಕೆಡುತ್ತಿರಲಿಲ್ಲವೇ? ಆದರೆ ಊರೂರಿನ ಮೆಕ್ಯಾನಿಕ್ ಅದನ್ನು ಎಬ್ಬಿಸುತ್ತಿದ್ದ. ಸ್ಟಾರ್ಮ್ ತಯಾರಾಗಿದ್ದೇ ಕಡಿಮೆ, ಈಗ ಅದೂ ನಿಂತಿದೆ. ಮೈ ಬಿರುಕು ಬಿಟ್ಟರೆ ಫೈಬರ್ ಕೆಲಸದವನು ತೇಪೆ ಹಾಕಿಯಾನು. ಮುಂದಿನ ಗಾಜು ಒಡೆದರೆ ಎಲ್ಲಿಂದ ತರ್ತೀರಿ?

ಅಗ್ಗ ಅಂತೀರಾ? ಮಾರುವವನು ಬಿಟ್ಟ ದುಡ್ಡು ಗ್ಯಾರೇಜಿಗೆ ಹೋಗುತ್ತೆ, ಅಷ್ಟೇ. 15 ವರ್ಷ ದಾಟಿದ ಗಾಡಿಗೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣ, ಫಿಟ್‌ನೆಸ್ ಪರೀಕ್ಷೆ ಬೇರೆ.

ಮನೆಯಲ್ಲಿ ಇನ್ನೊಂದು ಗಾಡಿ, ಕಳೆದರೂ ನೋಯದ ದುಡ್ಡು, ನಂಬಿಕೆಯ ಮೆಕ್ಯಾನಿಕ್... ಮೂರೂ ಇದ್ದರೆ ಖುಷಿಯಾಗಿ ತಗೊಳ್ಳಿ. ಊರಲ್ಲಿ ಅಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬಂದ ರಾತ್ರಿ ಖಂಬಾಟ್ಕಿ ಘಾಟ್ ಹತ್ತಬೇಕಾದ ಒಂದೇ ಗಾಡಿ ಅದಾಗಿದ್ದರೆ ಮಾತ್ರ, ದಯವಿಟ್ಟು ಬೇಡ.

ಏನಂತೀರಾ?