ಕಲ್ಲಿಗೂ ಒಂದು ಊರಿದೆ

ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡಿಗೆ ಬರುವವರು ಹೊಯ್ಸಳೇಶ್ವರನನ್ನು ನೋಡಿ, ಫೋಟೊ ತೆಗೆಸಿಕೊಂಡು, ಬೇಲೂರಿನ ಬಸ್ಸಿಗೆ ಓಡುತ್ತಾರೆ. ಅದೇ ಆವರಣದ ಮ್ಯೂಸಿಯಂ ಕಡೆ ತಿರುಗುವವರು ಕಡಿಮೆ. ‘ಅಲ್ಲೇನಿದೆ, ಬರೀ ಒಡೆದ ಕಲ್ಲು. ಒಳ್ಳೆಯದನ್ನೆಲ್ಲ ಬೆಂಗಳೂರಿಗೆ ಸಾಗಿಸಿದರೆ ನಾಲ್ಕು ಜನ ನೋಡಿಯಾರು’ ಎಂದರು ಗೆಳೆಯರೊಬ್ಬರು.

ಸಾಗಿಸಿದ್ದರ ಕತೆ ನಮಗೆ ಗೊತ್ತಿದೆ. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ಹತ್ತನೇ ಶತಮಾನದಲ್ಲಿ ಮದ್ದೂರು ಬಳಿಯ ಆತಕೂರಿನಲ್ಲಿ ನೆಟ್ಟ ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ ಸೇರಿತು. ಆತಕೂರಿನ ಮಗು ತನ್ನೂರಿನ ನಾಯಿಯನ್ನು ನೋಡಲು ರಾಜಧಾನಿಗೆ ಹೋಗಬೇಕು.

ಹಳೇಬೀಡಿನ ಕಲ್ಲುಗಳಿಗೆ ಆ ಗತಿ ಬೇಡ. ದ್ವಾರಸಮುದ್ರದಲ್ಲಿ ಅಳಿದುಹೋದ ಗುಡಿಗಳಿಗೆ ಈ ಒಡಕುಗಳೇ ಸಾಕ್ಷಿ. ಯಾವ ಕಲ್ಲು ಯಾವ ಹೊಲದಲ್ಲಿ ನೇಗಿಲಿಗೆ ಸಿಕ್ಕಿತು, ಯಾವ ಕೆರೆ ಏರಿಯ ಮೇಲೆ ಬಿದ್ದಿತ್ತು ಎಂದು ಹೇಳಬಲ್ಲ ಅಜ್ಜಂದಿರು ಇದ್ದರೆ ಇರುವುದೂ ಇಲ್ಲೇ. 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ್ದು ದೇವಸ್ಥಾನ; ಅಜ್ಜಂದಿರ ನೆನಪಿಗೆ ಯಾವ ಪಟ್ಟಿಯೂ ಇಲ್ಲ. ಅವರು ಹೋಗುವ ಮುನ್ನ ಆ ಮಾತುಗಳನ್ನು ಬರೆದುಕೊಂಡು ಆಯಾ ಕಲ್ಲಿನ ಪಕ್ಕ ಹಾಕಿ.

ನೋಡುವವರು ಬೇಕೆಂದರೆ ಬೇಲೂರಿನ ಬಸ್ಸು ಅರ್ಧ ಗಂಟೆ ತಡವಾಗಲಿ. ಕಲ್ಲು ಊರು ಬಿಡುವುದು ಬೇಡ.